ಅಂಗಳದ ತೋಟಕ್ಕೆ ದರಪಟ್ಟಿ ತರಿಸುವ ಮುನ್ನ

ಮನೆ ಕಟ್ಟಿಸುವುದೆಂದರೆ ನಮ್ಮಲ್ಲಿ ಇಡೀ ಕುಟುಂಬವೇ ಟೊಂಕ ಕಟ್ಟಿ ನಿಲ್ಲುವ ಕಾರ್ಯ. ಅಡಿಪಾಯದಿಂದ ಮೇಲ್ಛಾವಣಿಯವರೆಗೆ ಪ್ರತಿಯೊಂದಕ್ಕೂ ನಾಲ್ವರನ್ನು ವಿಚಾರಿಸುತ್ತೇವೆ. ಸಿಮೆಂಟಿನ ಚೀಲವೆಷ್ಟು, ಕಬ್ಬಿಣದ ತೂಕವೆಷ್ಟು, ಇಟ್ಟಿಗೆ ಎಷ್ಟು ಸಾವಿರ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತೇವೆ. ಆದರೆ ಗೃಹಪ್ರವೇಶ ಮುಗಿದು, ಬಂದ ಬೀಗರು ನೆಂಟರು ಊರಿಗೆ ಮರಳಿದ ಮೇಲೆ, ಗೋಡೆಗೂ ಕಂಪೌಂಡಿಗೂ ನಡುವೆ ಉಳಿದ ಬಯಲನ್ನು ತೋಟ ಮಾಡಿಸುವ ಮಾತು ಬಂದಾಗ ಆ ಜಾಗರೂಕತೆ ಎಲ್ಲಿಗೋ ಹೊರಟುಹೋಗುತ್ತದೆ. ನಾಲ್ಕು ಹೂವಿನ ಗಿಡ, ಒಂದಿಷ್ಟು ಹುಲ್ಲು, ಓಡಾಡಲು ಕಲ್ಲು. ಇದಕ್ಕೇನು ದೊಡ್ಡ ಲೆಕ್ಕ ಎಂಬ ಭಾವನೆ. ಕೈಯಲ್ಲಿದ್ದ ಹಣವೂ ಆ ಹೊತ್ತಿಗೆ ಕರಗಿರುತ್ತದೆ. ಹೀಗಾಗಿ ಯಾರು ಕಡಿಮೆ ಹೇಳಿದರೋ ಅವರಿಗೆ ಕೆಲಸ ಒಪ್ಪಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು.

ಹಿಂದಿನವರಿಗೆ ಈ ತೊಡಕು ಇರಲಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಹಿತ್ತಲು ತಾನಾಗಿಯೇ ಬೆಳೆಯುತ್ತಿತ್ತು. ಬಚ್ಚಲ ನೀರು ಹರಿದಲ್ಲಿ ಬಾಳೆ, ಬಾವಿಕಟ್ಟೆಯ ಬದಿಗೆ ಮಲ್ಲಿಗೆ, ಬೇಲಿಯ ಮೇಲೆ ತೊಂಡೆಬಳ್ಳಿ. ಅದಕ್ಕೆ ನಕ್ಷೆ ಇರಲಿಲ್ಲ, ಗುತ್ತಿಗೆಯೂ ಇರಲಿಲ್ಲ. ಇಂದಿನ ಬಡಾವಣೆಗಳ ನಿವೇಶನಗಳಲ್ಲಿ ಸ್ಥಳ ಕಡಿಮೆ, ಮನೆಯವರಿಗೆ ವೇಳೆ ಇನ್ನೂ ಕಡಿಮೆ. ಆದ್ದರಿಂದ ನರ್ಸರಿಯವರು, ತೋಟದ ಗುತ್ತಿಗೆದಾರರು, ಗಣಕಯಂತ್ರದಲ್ಲಿ ಬಣ್ಣಬಣ್ಣದ ಚಿತ್ರ ಬರೆದು ತೋರಿಸುವ ಸಂಸ್ಥೆಗಳು ಹುಬ್ಬಳ್ಳಿ, ಧಾರವಾಡ, ದಾವಣಗೆರೆ, ಬೆಳಗಾವಿಗಳಲ್ಲಿಯೂ ಕಾಣುತ್ತಿವೆ. ಅವರಿಂದ ದರಪಟ್ಟಿ ತರಿಸುವುದು ಹೇಗೆ, ಬಂದ ಪಟ್ಟಿಗಳನ್ನು ತೂಗಿ ನೋಡುವುದು ಹೇಗೆ ಎಂಬುದನ್ನು ನಮ್ಮದೇ ಮನೆಯ ಅಂಗಳದ ನಿಮಿತ್ತವಾಗಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮನೆ ಧಾರವಾಡದಲ್ಲಿ, ಎರೆಮಣ್ಣಿನ ನೆಲದಲ್ಲಿ. ನಿವೇಶನ 60 ಅಡಿಗೆ 80 ಅಡಿ. ಕಟ್ಟಡ ಸುಮಾರು 2,100 ಚದರ ಅಡಿಯನ್ನು ಆವರಿಸಿದೆ. ಉಳಿದ ಬಯಲಿನಲ್ಲಿ ನಮಗೆ ಬೇಕಾಗಿದ್ದುದು ಬಹಳವಲ್ಲ. ಕಾರು ನಿಲ್ಲುವಷ್ಟು ಗಟ್ಟಿ ನೆಲ. ಎಂಬತ್ತು ದಾಟಿದ ನಮ್ಮ ತಾಯಿಯವರು ಕೋಲು ಹಿಡಿದು ಜಾರದೆ ಎಡವದೆ ಮನೆಯ ಸುತ್ತ ನಡೆಯಬಲ್ಲ ದಾರಿ. ಬೆಳಗಿನ ಪೂಜೆಗೆ ಅವರೇ ಕೈಯಾರೆ ಬಿಡಿಸಿಕೊಳ್ಳುವಷ್ಟು ಹೂವು, ಪತ್ರೆ. ಮಕ್ಕಳು ಬಂದಾಗ ಕೂರಲು ಒಂದಿಷ್ಟು ಹುಲ್ಲು. ಇದಕ್ಕಾಗಿ ಎರಡು ಲಕ್ಷ ರೂಪಾಯಿಗಳನ್ನು ಬೇರೆಯಾಗಿ ತೆಗೆದಿರಿಸಿದ್ದೆವು. ಅದು ನಿವೃತ್ತಿಯ ಹಣದಲ್ಲಿ ಉಳಿದದ್ದು. ಅದನ್ನು ಮೀರಿದರೆ ತಾಯಿಯವರ ಔಷಧೋಪಚಾರಕ್ಕೆಂದು ಇಟ್ಟ ಗಂಟಿಗೆ ಕೈ ಹಾಕಬೇಕಾಗುತ್ತಿತ್ತು.

2024ರ ಏಪ್ರಿಲಿನಲ್ಲಿ ಮೂವರನ್ನು ಕರೆಸಿದೆವು. ಮೊದಲು ಸ್ಥಳ ನೋಡಿ ನಿಮ್ಮ ನಿಮ್ಮ ಕಲ್ಪನೆಯಂತೆ ಪಟ್ಟಿ ಕೊಡಿರಿ, ಆಮೇಲೆ ನಾವೊಂದು ಕಾಗದ ಬರೆದು ಮತ್ತೊಮ್ಮೆ ದರ ಕೇಳುತ್ತೇವೆ ಎಂದು ಮೂವರಿಗೂ ಮುಂಚಿತವಾಗಿಯೇ ತಿಳಿಸಿದ್ದೆವು. ಮೊದಲ ಸುತ್ತು ತಿಳಿದುಕೊಳ್ಳುವುದಕ್ಕೆ, ಎರಡನೆಯದು ತೂಗಿ ನೋಡುವುದಕ್ಕೆ. ಕೆಲಸಗಾರರ ಅನುಭವದಿಂದ ನಮಗೆ ತೋಚದ ಸಂಗತಿಗಳು ಹೊರಬರುತ್ತವೆ; ಆದರೆ ಅವರವರ ಕಲ್ಪನೆಯ ಮೇಲೆ ಬಂದ ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಜೋಳದ ಚೀಲವನ್ನೂ ಗೋಧಿಯ ಚೀಲವನ್ನೂ ಒಂದೇ ದರಕ್ಕೆ ತೂಗಿದಂತಾಗುತ್ತದೆ.

ಮೊದಲನೆಯವರು ನರ್ಸರಿ ನಡೆಸುವವರು. ಅರ್ಧ ತಾಸು ಅಡ್ಡಾಡಿ, ಮರುದಿನ ಆರು ಸಾಲಿನ ಚೀಟಿ ಕಳಿಸಿದರು: ಒಟ್ಟು 1,32,000 ರೂಪಾಯಿ. ಎರಡನೆಯವರು ಮಾಲಿಯಾಗಿ ದುಡಿದು ಮುಂದೆ ಸ್ವಂತ ಗುತ್ತಿಗೆ ಹಿಡಿಯತೊಡಗಿದ ಹಿರಿಯರು. ಅವರು ಎರಡು ಸಲ ಬಂದರು, ಒಮ್ಮೆ ಹಾರೆ ತಂದು ಮೂರು ಕಡೆ ಅಗೆದು ನೋಡಿದರು. ಅವರ ಕೈಬರಹದ ಎರಡು ಪುಟದ ಪಟ್ಟಿ 1,94,000 ರೂಪಾಯಿ. ಮೂರನೆಯದು ಒಂದು ಸಂಸ್ಥೆ. ಅವರ ಚಿತ್ರದಲ್ಲಿ ನಮ್ಮ ಮನೆ ನಮಗೇ ಗುರುತು ಸಿಗದಷ್ಟು ಚೆಂದವಾಗಿತ್ತು. ಮೊತ್ತ 3,15,000 ರೂಪಾಯಿ. ಒಂದೇ ಅಂಗಳ, ಒಂದೇ ವಾರ, ಆದರೂ ಒಬ್ಬರದರ ಎರಡು ಪಟ್ಟಿಗೂ ಮಿಗಿಲು ಇನ್ನೊಬ್ಬರದು!

ಇಂಥ ಅಂತರ ಕಂಡಾಗ ಹೆಚ್ಚು ಹೇಳಿದವರು ಲೂಟಿಕೋರರು, ಕಡಿಮೆ ಹೇಳಿದವರು ಪ್ರಾಮಾಣಿಕರು ಎಂದು ತೀರ್ಮಾನಿಸುವುದು ಸುಲಭ. ಕಡಿಮೆಯೆಂದರೆ ಕಳಪೆ ಎನ್ನುವುದೂ ಅಷ್ಟೇ ಸುಲಭ. ನಿಜವಾಗಿ ನೋಡಬೇಕಾದದ್ದು ಪಟ್ಟಿಯಲ್ಲಿ ಬರೆದದ್ದನ್ನಲ್ಲ, ಬರೆಯದೆ ಬಿಟ್ಟದ್ದನ್ನು. ಆರು ಸಾಲಿನ ಚೀಟಿಯಲ್ಲಿ ಗಿಡ, ಹುಲ್ಲು, ಪೇವರ್ ಕಲ್ಲು, ಗೊಬ್ಬರ, ಕೂಲಿ, ಸಾಗಾಣಿಕೆ ಇದ್ದವು. ಮನೆ ಕಟ್ಟುವಾಗ ಉಳಿದ ಇಟ್ಟಿಗೆಚೂರು, ಗಾರೆಯ ಗಡ್ಡೆಗಳನ್ನು ಎತ್ತಿ ಹಾಕುವವರು ಯಾರು? ಹೊಸ ಮಣ್ಣು ಎಷ್ಟು? ಕಲ್ಲಿನ ಕೆಳಗೆ ಏನು ತುಂಬುತ್ತಾರೆ? ಮಳೆನೀರು ಎತ್ತ ಹೋಗಬೇಕು? ಜಿ.ಎಸ್.ಟಿ. ಸೇರಿದೆಯೇ? ನೆಟ್ಟ ಮೇಲೆ ನೋಡಿಕೊಳ್ಳುವವರಾರು? ಯಾವುದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ಅವರಿಗೆ ಮೋಸದ ಉದ್ದೇಶವಿತ್ತೆಂದು ನಾವು ಭಾವಿಸುವುದಿಲ್ಲ. ಕೇಳದ್ದನ್ನು ಅವರು ಬರೆಯಲಿಲ್ಲ, ಅಷ್ಟೇ. ಆದರೆ ಕೆಲಸ ಅರ್ಧವಾದಾಗ ಈ ಪ್ರಶ್ನೆಗಳೆಲ್ಲ ಒಂದೊಂದಾಗಿ ತಲೆ ಎತ್ತುತ್ತವೆ, ಆಗ "ಅದು ಬೇರೆ ಆಕ್ಕತ್ರಿ" ಎಂಬ ಉತ್ತರ ಬರುತ್ತದೆ. ಆ ಹೊತ್ತಿಗೆ ಅಂಗಳ ಅಗೆದು ಬಿದ್ದಿರುತ್ತದೆ, ಒಪ್ಪದೆ ಗತಿಯಿರುವುದಿಲ್ಲ.

ಮಣ್ಣಿನ ಲೆಕ್ಕ

ಆದ್ದರಿಂದ ಕಾಗದ ನಮ್ಮದಾಗಿರಬೇಕು. ಇದಕ್ಕೆ ಎಂಜಿನಿಯರನ ಅಗತ್ಯವಿಲ್ಲ. ಅಳತೆಯ ಟೇಪು, ಚೌಕಳಿ ಹಾಳೆ, ಒಂದು ರವಿವಾರ ಸಾಕು. ಒಂದು ಚೌಕವನ್ನು ಎರಡು ಅಡಿಯೆಂದು ಹಿಡಿದು ಮನೆ, ಕಂಪೌಂಡು, ಗೇಟು, ನಳ, ಚರಂಡಿಯ ಗುಂಡಿ, ನೆಲದೊಳಗಿನ ನೀರಿನ ತೊಟ್ಟಿ, ಇರುವ ಮರ ಎಲ್ಲವನ್ನೂ ಗುರುತಿಸಿದರೆ ನಕ್ಷೆ ಸಿದ್ಧ. ಬೆಳಗಿನ ಬಿಸಿಲು ಎಲ್ಲಿ, ಮಧ್ಯಾಹ್ನದ ನೆರಳು ಎಲ್ಲಿ ಎಂಬುದನ್ನು ತಾಯಂದಿರು ಯಾರಿಗಿಂತಲೂ ಚೆನ್ನಾಗಿ ಬಲ್ಲರು. ಬಟ್ಟೆ ಒಣಹಾಕುವವರು ಅವರೇ ಅಲ್ಲವೇ!

ಅಳೆದ ಮೇಲೆ ಮಣ್ಣಿನ ಪ್ರಮಾಣ ತಾನಾಗಿ ದೊರೆಯುತ್ತದೆ. ನಮ್ಮ ಭಾಗದಲ್ಲಿ ಮಣ್ಣು, ಮರಳು, ಗರಸುಗಳನ್ನು ಬ್ರಾಸ್ ಲೆಕ್ಕದಲ್ಲಿ ಕೊಡುವ ರೂಢಿಯಿದೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ನಾವು ಹುಲ್ಲುಹಾಸಿಗೆ 500 ಚದರ ಅಡಿ, ಹೂವಿನ ಪಾತಿಗಳಿಗೆ 400 ಚದರ ಅಡಿ ಎಂದು ಗುರುತಿಸಿದ್ದೆವು. ಹುಲ್ಲಿಗೆ ಅರ್ಧ ಅಡಿ ಮಣ್ಣೆಂದರೆ 250 ಘನ ಅಡಿ. ಪಾತಿಗಳಿಗೆ ಒಂದು ಅಡಿಯೆಂದರೆ 400 ಘನ ಅಡಿ. ಕೂಡಿಸಿದರೆ ಆರೂವರೆ ಬ್ರಾಸ್. ಸಡಿಲ ಮಣ್ಣು ನೀರು ಬಿದ್ದಾಗ ಕುಸಿಯುವುದರಿಂದ ಎಂಟು ಬ್ರಾಸ್ ಎಂದು ಬರೆದೆವು. ಕೆಲವರು "ಎರಡು ಟ್ರಿಪ್ ಮಣ್ಣು" ಎಂದಷ್ಟೇ ಬರೆಯುತ್ತಾರೆ. ಟ್ರಿಪ್ ಎಂಬುದು ಅಳತೆಯಲ್ಲ. ಟ್ರ್ಯಾಕ್ಟರಿನ ಟ್ರಾಲಿಯೂ ಟ್ರಿಪ್ಪೇ, ಹತ್ತು ಗಾಲಿಯ ಟಿಪ್ಪರೂ ಟ್ರಿಪ್ಪೇ.

ಆದರೆ ಮಣ್ಣು ಹಾಕುವುದಕ್ಕಿಂತ ಮೊದಲು ತೆಗೆಯುವ ಕೆಲಸ ದೊಡ್ಡದು. ಕಟ್ಟಡದ ಅವಶೇಷದ ಮೇಲೆ ಮೂರು ಅಂಗುಲ ಕೆಮ್ಮಣ್ಣು ಹರಡಿ ಹುಲ್ಲು ಹಾಸಿದರೆ ಎರಡು ತಿಂಗಳು ಹಸಿರಾಗಿಯೇ ಇರುತ್ತದೆ. ಬೇರು ಗಾರೆಗೆ ತಗುಲಿದ ಮೇಲೆ ಅಲ್ಲಲ್ಲಿ ಹಳದಿಯಾಗಿ ಸಾಯತೊಡಗುತ್ತದೆ. ಆದಕಾರಣ "ಒಂದು ಅಡಿ ಆಳದವರೆಗೆ ಅಗೆದು, ಕಲ್ಲು ಗಾರೆ ಇಟ್ಟಿಗೆ ಬೇರ್ಪಡಿಸಿ, ನಿವೇಶನದ ಹೊರಗೆ ಸಾಗಿಸುವುದು" ಎಂಬ ಸಾಲು ಕಾಗದದಲ್ಲಿ ಇರಲೇಬೇಕು. ಹೊರಗೆಂದರೆ ಪಕ್ಕದ ಖಾಲಿ ನಿವೇಶನವಲ್ಲ ಎಂಬುದನ್ನೂ ಬರೆಯುವುದು ಒಳ್ಳೆಯದು.

ಎರೆಮಣ್ಣಿನ ನೆಲವುಳ್ಳವರು ಎಲ್ಲ ಕರಿಮಣ್ಣನ್ನೂ ತೆಗೆಸಿ ಕೆಂಪುಮಣ್ಣು ತುಂಬಿಸುವ ಸಲಹೆಗೆ ಕೂಡಲೇ ಒಪ್ಪಬಾರದು. ಎರೆ ನೀರು ಹಿಡಿದಿಡುವ, ಗಿಡಕ್ಕೆ ಆಹಾರ ಕೊಡುವ ಮಣ್ಣು. ಪಾತಿಗಳಲ್ಲಿ ಅದಕ್ಕೆ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಮರಳು ಕೂಡಿಸಿದರೆ ದಾಸವಾಳ, ಮಲ್ಲಿಗೆ, ನಂದಿಬಟ್ಟಲು ಚೆನ್ನಾಗಿಯೇ ಬರುತ್ತವೆ. ಹುಲ್ಲಿಗೆ ಮಾತ್ರ ನೀರು ಬಸಿದು ಹೋಗುವ ಹಗುರ ಮಣ್ಣು ಬೇಕು. ಹೊರಗಿನಿಂದ ತರಿಸುವ ಮಣ್ಣಿನಲ್ಲಿ ಜೇಕಿನ ಗಡ್ಡೆ, ಕಾಂಗ್ರೆಸ್ ಕಸದ ಬೀಜ ಸೇರಿ ಬರುವುದುಂಟು. ಜೇಕು ಒಮ್ಮೆ ಹುಲ್ಲುಹಾಸಿನಲ್ಲಿ ನೆಲೆಯೂರಿದರೆ ಕಿತ್ತಷ್ಟೂ ಬರುತ್ತದೆ. ಮಣ್ಣು ಇಳಿಸುವ ಮೊದಲು ನೋಡಿ ಬೇಡವೆನ್ನುವ ಹಕ್ಕು ಮನೆಯವರಿಗಿರಬೇಕು ಎಂದು ಬರೆದೆವು, ಮೂವರೂ ಒಪ್ಪಿದರು.

ಗೋಡೆಯ ಬದಿಯ ಪಾತಿ

ಇನ್ನು ಬಹು ಮುಖ್ಯವಾದ ಸಂಗತಿಗೆ ಬರೋಣ. ಮೊದಲ ಸುತ್ತಿನ ಮೂರು ಯೋಜನೆಗಳ ಪೈಕಿ ಎರಡರಲ್ಲಿ ಮನೆಯ ಗೋಡೆಗೆ ಅಂಟಿಕೊಂಡೇ ಸುತ್ತಲೂ ಹೂವಿನ ಪಾತಿಗಳಿದ್ದವು. ಕಣ್ಣಿಗೆ ಅದು ಅಂದವೇ. ಬಣ್ಣದ ಗೋಡೆ, ಅದರ ಬುಡದಲ್ಲಿ ಹಸಿರು. ಆದರೆ ಎರೆಮಣ್ಣಿನ ಗುಣವನ್ನು ಬಲ್ಲವರು ಇದಕ್ಕೆ ಹಿಂಜರಿಯುತ್ತಾರೆ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲವಾದ ಬಿರುಕುಗಳನ್ನು ಕಾಣದ ರೈತನಿಲ್ಲ. ಗೋಡೆಯ ಒಂದು ಬದಿಗೆ ದಿನವೂ ನೀರು ಹಾಕುತ್ತ, ಇನ್ನೊಂದು ಬದಿಯನ್ನು ಒಣಗಲು ಬಿಟ್ಟರೆ ಅಡಿಪಾಯದ ಕೆಳಗಿನ ನೆಲ ಒಂದೆಡೆ ಏರಿ ಒಂದೆಡೆ ಇಳಿಯುತ್ತದೆ. ಪರಿಣಾಮ ಕಾಣುವುದು ತೋಟದಲ್ಲಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಗೋಡೆಯ ಬಿರುಕಿನಲ್ಲಿ. ಗೋಡೆಗೆ ಹತ್ತಿರ ನೆಟ್ಟ ದೊಡ್ಡ ಮರವೂ ಇದೇ ತೊಂದರೆಯನ್ನು ಬೇರೊಂದು ಬಗೆಯಲ್ಲಿ ತರುತ್ತದೆ; ಅದು ಬೇಸಿಗೆಯಲ್ಲಿ ನೆಲದ ತೇವವನ್ನು ಹೀರಿ ಮಣ್ಣನ್ನು ಕುಗ್ಗಿಸುತ್ತದೆ.

ಎರಡು ಲಕ್ಷದ ತೋಟ ಲಕ್ಷಾಂತರ ರೂಪಾಯಿಯ ಮನೆಗೆ ಮುಳುವಾಗಬಾರದಷ್ಟೆ? ಹಾರೆ ತಂದು ಅಗೆದು ನೋಡಿದ ಹಿರಿಯರು ಮೊದಲ ದಿನವೇ ಕೇಳಿದ ಪ್ರಶ್ನೆ ನಮಗಿನ್ನೂ ನೆನಪಿದೆ. "ಯಜಮಾನ್ರ, ಮಾಳಿಗಿ ನೀರು ಎಲ್ಲಿ ಇಳಿತೈತ್ರಿ?" ಉಳಿದಿಬ್ಬರೂ ಕೇಳಿದ್ದು ಯಾವ ಹೂವು ಬೇಕೆಂದು.

ಮಾಳಿಗೆಯ ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ 2,100 ಚದರ ಅಡಿಯ ಮಾಳಿಗೆ ಸುಮಾರು 195 ಚದರ ಮೀಟರ್. ಒಂದು ರಭಸದ ಮಳೆಯಲ್ಲಿ 50 ಮಿಲಿಮೀಟರ್ ಬಿದ್ದಿತೆಂದರೆ ಒಂಬತ್ತೂವರೆ ಸಾವಿರ ಲೀಟರಿಗೂ ಹೆಚ್ಚು ನೀರು, ಎರಡು ಟ್ಯಾಂಕರಿನಷ್ಟು, ನಾಲ್ಕು ಕೊಳವೆಗಳ ಮೂಲಕ ಅಂಗಳಕ್ಕೆ ಧುಮುಕುತ್ತದೆ. ಅದಕ್ಕೆ ದಾರಿ ಮಾಡದೆ ಸುತ್ತಲೂ ಪಾತಿ ಕಟ್ಟಿ ಏರಿ ಹಾಕಿದರೆ ಗೋಡೆಯ ಬುಡವೇ ಕೆರೆಯಾಗುತ್ತದೆ.

ಹೀಗಾಗಿ ನಮ್ಮ ಕಾಗದದ ಮೊದಲ ಕಲಮು ಗಿಡದ್ದಲ್ಲ, ನೀರಿನದು. ಮನೆಯ ಸುತ್ತ ಮೂರು ಅಡಿ ಅಗಲದ ಗಟ್ಟಿ ನೆಲ. ಅದು ಗೋಡೆಯಿಂದ ಹೊರಕ್ಕೆ ಐವತ್ತಕ್ಕೆ ಒಂದರಂತೆ, ಎಂದರೆ ಮೂರು ಅಡಿಗೆ ಮುಕ್ಕಾಲು ಅಂಗುಲದಷ್ಟು ಇಳಿಜಾರಾಗಿರಬೇಕು. ಮಾಳಿಗೆಯ ಕೊಳವೆಗಳ ನೀರು ಜಾಲರಿ ಮುಚ್ಚಿದ ಕಾಲುವೆಯಲ್ಲಿ ಹರಿದು, ಸೋಸಿದ ನಂತರ ನೆಲದೊಳಗಿನ ತೊಟ್ಟಿಗೆ ಸೇರಬೇಕು. ತುಂಬಿದ ಮೇಲೆ ಹೆಚ್ಚಿನದು ರಸ್ತೆಯ ಬದಿಯ ಮಳೆಗಾಲುವೆಗೆ. ಪಾತಿಗಳು ಕಂಪೌಂಡಿನ ಕಡೆಗೆ. ಆ ಮೂರು ಅಡಿಯ ಪಟ್ಟಿಯೇ ತಾಯಿಯವರ ನಡೆಯುವ ದಾರಿಯೂ ಆಯಿತು. ಮೆಟ್ಟಿಲಿಲ್ಲ, ಏರುತಗ್ಗಿಲ್ಲ, ಬೇಕಾದಲ್ಲಿ ಗೋಡೆಗೆ ಕೈಯೂರಬಹುದು. ಮೇಲ್ಮೈ ನುಣುಪಾಗಿರಬಾರದೆಂದು ಬರೆದೆವು. ನಯಗೊಳಿಸಿದ ಕಲ್ಲು ಮಳೆಗಾಲದಲ್ಲಿ ವೃದ್ಧರ ಪಾಲಿಗೆ ಶತ್ರು.

ಪೇವರ್ ಕಲ್ಲಿನ ವಿಷಯದಲ್ಲಿ ದಪ್ಪ ಎಷ್ಟೆಂದು ಬರೆಸಿಕೊಳ್ಳಬೇಕು. ಮನೆಯ ಕಾರು ಓಡಾಡಲು 60 ಮಿಲಿಮೀಟರ್ ಸಾಕು. ಭಾರದ ವಾಹನ ಬರುವಲ್ಲಿ 80. ಕಲ್ಲಿಗಿಂತ ಅದರ ಕೆಳಗಿನದೇ ಮುಖ್ಯ. ಎರೆಯ ಮೇಲೆ ನೇರವಾಗಿ ಮರಳು ಹರಡಿ ಕಲ್ಲು ಜೋಡಿಸಿದರೆ ಒಂದು ಮಳೆಗಾಲಕ್ಕೆ ಅಂಗಳ ಅಲೆಅಲೆಯಾಗುತ್ತದೆ. ಒಂದು ಅಡಿ ಎರೆ ತೆಗೆದು, ಗರಸು ತುಂಬಿ, ನೀರು ಹೊಡೆದು, ಪದರ ಪದರವಾಗಿ ದಿಮ್ಮಸು ಬಡಿಯಬೇಕು. ಕಣ್ಣಿಗೆ ಕಾಣದ ಕೆಲಸವಾದ್ದರಿಂದ ದರಪಟ್ಟಿಯಲ್ಲಿ ಮೊದಲು ಮಾಯವಾಗುವುದು ಇದೇ.

ಗಿಡ ಮತ್ತು ನೀರು

ಗಿಡಗಳ ಪಟ್ಟಿಯಲ್ಲಿ ಹೆಸರೊಂದೇ ಸಾಲದು. ಎಷ್ಟು ಎತ್ತರದ ಸಸಿ, ಚೀಲದ ಅಳತೆ ಎಷ್ಟು, ಎಷ್ಟು ಅಂತರಕ್ಕೆ ಒಂದು ಎಂದು ಇರಬೇಕು. ನೆಲಕ್ಕೆ ಹಬ್ಬುವ ಸಣ್ಣ ಗಿಡಗಳನ್ನು ಆರು ಅಂಗುಲಕ್ಕೊಂದರಂತೆ ನೆಟ್ಟರೆ 100 ಚದರ ಅಡಿಗೆ 400 ಸಸಿ. ಒಂದು ಅಡಿಗೊಂದರಂತೆ ನೆಟ್ಟರೆ 100. ಮೊದಲನೆಯದು ನೆಟ್ಟ ದಿನವೇ ತುಂಬಿ ಕಾಣುತ್ತದೆ, ವರ್ಷದೊಳಗೆ ಒಂದನ್ನೊಂದು ನುಂಗುತ್ತದೆ. ಸಂಸ್ಥೆಯವರ ಮೊತ್ತ ಏರಿದ್ದಕ್ಕೆ ಇದೂ ಒಂದು ಕಾರಣವಾಗಿತ್ತು. ಎತ್ತರದ ತಾಳೆಗಳದ್ದು ಇನ್ನೊಂದು. ಬೇಲಿಗೆ ಕೊನೊಕಾರ್ಪಸ್ ಎಂಬ ಬೇಗ ಬೆಳೆಯುವ ವಿದೇಶೀ ಗಿಡವನ್ನು ಅವರು ಸೂಚಿಸಿದ್ದರು. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ ಎಂದು ತಿಳಿಸಿ ಅದನ್ನು ಕೈಬಿಡಿಸಿದೆವು.

ಪೂಜೆಯ ಗಿಡಗಳ ವಿಚಾರದಲ್ಲಿ ಮನೆಯವರೇ ಸ್ಥಳ ನಿರ್ಧರಿಸುವುದು ಲೇಸು. ಬಿಲ್ವ ಚಿಕ್ಕ ಸಸಿಯಾಗಿದ್ದಾಗ ಎಲ್ಲಿಯಾದರೂ ಸರಿಯೆನಿಸುತ್ತದೆ. ಅದು ಮುಳ್ಳಿನ ಮರ, ಎತ್ತರ ಬೆಳೆಯುವಂಥದು. ನಡೆಯುವ ದಾರಿಯ ಮೇಲೆ ಅದರ ಕೊಂಬೆ ಬಾರದಂತೆ ಹಿತ್ತಲ ಮೂಲೆಯನ್ನು ಗೊತ್ತುಮಾಡಿದೆವು. ಕಣಗಿಲೆ ಶಿವಪೂಜೆಗೆ ಪ್ರಿಯವಾದರೂ ಅದರ ಎಲೆ, ಹೂ, ತೊಗಟೆ ಎಲ್ಲವೂ ವಿಷ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಮಕ್ಕಳಿರುವ ಮನೆಯಲ್ಲಿ ಅದು ದೂರವಿರಲಿ. ತಾಯಿಯವರ ಕೈಗೆಟುಕುವಂತೆ ದಾರಿಯ ಅಂಚಿಗೆ ದಾಸವಾಳ, ನಂದಿಬಟ್ಟಲು, ಮಲ್ಲಿಗೆ ಬಂದವು.

ಮೂಲೆಯಲ್ಲಿ ಮೊದಲೇ ಇದ್ದ ಬೇವಿನ ಮರವನ್ನು ಕಡಿದರೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಒಬ್ಬರ ಸಲಹೆ. ಸ್ವಂತ ನಿವೇಶನದ ಮರವೆಂದು ಮನಬಂದಂತೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು, ವೃಕ್ಷಾಧಿಕಾರಿಯ ಅನುಮತಿ ಬೇಕು. ಬೇವನ್ನು ಉಳಿಸಿಕೊಂಡೆವು. ಅದರ ನೆರಳಲ್ಲಿ ಒಂದು ಕಲ್ಲುಬೆಂಚು ಹಾಕಿಸಲು ತಗುಲಿದ ಖರ್ಚು ಅಷ್ಟಕ್ಕಷ್ಟೆ.

ನೀರಿನ ಪ್ರಶ್ನೆಯಲ್ಲಿ ಮಾತ್ರ ನಾವು ನಿಷ್ಠುರವಾಗಬೇಕಾಯಿತು. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರೆಂದು ಹಿಡಿದರೂ 500 ಚದರ ಅಡಿಗೆ 230 ಲೀಟರ್ ಆಗುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಸವದತ್ತಿಯ ಬಳಿಯ ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದ. ಅಷ್ಟು ದೂರದಿಂದ ಬಂದ ಕುಡಿಯುವ ನೀರನ್ನು ಹುಲ್ಲಿಗೆ ಸುರಿಯುವುದು ಎಷ್ಟು ಸರಿ? ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿದ ಸುದ್ದಿಯೂ ಬಂದಿತ್ತು. ಮನೆಯಲ್ಲಿ ಚರ್ಚೆ ನಡೆಯಿತು. ಮಕ್ಕಳಿಗೆ ಹುಲ್ಲು ಬೇಕು, ನಮಗೆ ಬೇಡ. ಕೊನೆಗೆ 240 ಚದರ ಅಡಿಗೆ ಇಳಿಸಿದೆವು. ನೀರಿನ ವೆಚ್ಚ ಅರ್ಧಕ್ಕಿಂತ ಕಡಿಮೆಯಾಯಿತು. ಪಾತಿಗಳಿಗೆ ತಾಸಿಗೆ ನಾಲ್ಕು ಲೀಟರ್ ಹನಿಸುವ ಹನಿ ನೀರಾವರಿಯ ಕೊಳವೆ. ಬಾಳೆಗೆ ಎಂದಿನಂತೆ ಬಚ್ಚಲ ನೀರು.

ಎರಡನೆಯ ಸುತ್ತು

ಈ ಎಲ್ಲವನ್ನೂ ಎರಡು ಪುಟದಲ್ಲಿ ಬರೆದು, ನಕ್ಷೆಯ ಪ್ರತಿ ಲಗತ್ತಿಸಿ, ಮೂವರಿಗೂ ಒಂದೇ ದಿನ ಕೊಟ್ಟೆವು. ಪ್ರತಿ ಕಲಮಿನ ಎದುರಿಗೆ ಪ್ರಮಾಣ ನಾವೇ ತುಂಬಿದ್ದೆವು. ದರ ಮತ್ತು ಮೊತ್ತದ ಕಾಲಂ ಖಾಲಿ. ಮೊದಲಿಗೆ ಹುಲ್ಲು 500 ಚದರ ಅಡಿಯೆಂದೇ ಇಟ್ಟು, 240 ಆದರೆ ಎಷ್ಟು ಇಳಿಯುತ್ತದೆಂದು ಬೇರೆಯಾಗಿ ಕೇಳಿದ್ದೆವು.

ಹತ್ತು ದಿನಗಳಲ್ಲಿ ಪಟ್ಟಿಗಳು ಬಂದವು. 1,32,000 ಎಂದಿದ್ದ ನರ್ಸರಿಯವರದು 2,06,000 ಆಗಿತ್ತು. ಹಿರಿಯರದು 1,98,000, ಮೊದಲಿಗಿಂತ ನಾಲ್ಕೇ ಸಾವಿರ ಹೆಚ್ಚು. ಸಂಸ್ಥೆಯವರದು ತಾಳೆ, ಕಾರಂಜಿಗಳನ್ನು ಬಿಟ್ಟು 2,64,000. ಅಂದರೆ ಮೊದಲು ಎಲ್ಲರಿಗಿಂತ ಅಗ್ಗವೆನಿಸಿದ್ದು ಒಂದೇ ತಕ್ಕಡಿಯಲ್ಲಿ ಕೂತಾಗ ಅಗ್ಗವಾಗಿ ಉಳಿಯಲಿಲ್ಲ. ಹಿರಿಯರು ನಾವು ಕೇಳುವ ಮೊದಲೇ ಕಸ ಸಾಗಿಸುವುದು, ಗರಸು, ಕಾಲುವೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದರು.

ಆದರೂ ಪಟ್ಟಿ ನೋಡಿಯೇ ತೀರ್ಮಾನಿಸದೆ, ಅವರವರು ಮಾಡಿದ ತೋಟಗಳನ್ನು ಹೋಗಿ ನೋಡಿದೆವು. ಹೊಸದಾಗಿ ಮುಗಿದದ್ದನ್ನು ತೋರಿಸಲು ಎಲ್ಲರಿಗೂ ಆತುರ. ನೋಡಬೇಕಾದದ್ದು ಎರಡು ಮಳೆಗಾಲ ಕಂಡ ತೋಟವನ್ನು. ಅಲ್ಲಿ ಕಲ್ಲು ಕುಸಿದಿದೆಯೇ, ಗಿಡಗಳು ಉಳಿದಿವೆಯೇ, ಕರೆದಾಗ ಗುತ್ತಿಗೆದಾರರು ಬರುತ್ತಾರೆಯೇ ಎಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ನಿಜ ತಿಳಿಯುತ್ತದೆ. ಗಂಡಸರು ತಾವು ಹೂಡಿದ ಹಣವನ್ನು ಸಮರ್ಥಿಸಿಕೊಳ್ಳುವುದರಲ್ಲೇ ಇರುತ್ತಾರೆ.

ಇಲ್ಲಿ ಒಂದು ಮಾತು. ಒಬ್ಬರ ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಿ "ಇವರು ಇಷ್ಟಕ್ಕೆ ಒಪ್ಪಿದ್ದಾರೆ, ನೀವು ಇನ್ನೂ ಇಳಿಸಿ" ಎಂದು ಎಳೆದಾಡುವ ಚಾಳಿ ನಮ್ಮವರಲ್ಲಿ ಬಹಳ. ಹಾಗೆ ಇಳಿದ ಐದು ಸಾವಿರ ಗರಸಿನಲ್ಲಿಯೋ ಗೊಬ್ಬರದಲ್ಲಿಯೋ ಕೂಲಿಯಾಳಿನ ಪಗಾರದಲ್ಲಿಯೋ ಕಡಿತವಾಗಿ ತೀರುತ್ತದೆ. ಹಣ ಉಳಿಸಬೇಕಾದರೆ ಕೆಲಸವನ್ನೇ ಕಡಿಮೆ ಮಾಡಬೇಕು. ನಾವು ಹುಲ್ಲನ್ನು ಕಡಿಮೆ ಮಾಡಿದ್ದು ಹೀಗೆಯೇ. ಹಿರಿಯರ ಮೊತ್ತ ಅದರಿಂದ 1,84,000ಕ್ಕೆ ಇಳಿಯಿತು. ಕೆಲಸ ಸಿಗದ ಇಬ್ಬರಿಗೂ ಅದೇ ದಿನ ಫೋನು ಮಾಡಿ ತಿಳಿಸಿದೆವು. ಪುಕ್ಕಟೆಯಾಗಿ ಎರಡು ಸಲ ಬಂದುಹೋದವರನ್ನು ತಿಂಗಳುಗಟ್ಟಲೆ ಕಾಯಿಸುವುದು ಸಭ್ಯತೆಯಲ್ಲ. ನರ್ಸರಿಯವರಿಂದಲೇ ಮುಂದೆ ಸಸಿಗಳನ್ನು ಕೊಂಡೆವು.

ಕರಾರು ಉದ್ದವಾಗಿರಬೇಕಿಲ್ಲ. ನಮ್ಮದು ಒಂದೇ ಪುಟ. ಮುಂಗಡ ನೂರಕ್ಕೆ ಇಪ್ಪತ್ತು. ಅಗೆತ, ಕಾಲುವೆ, ಗರಸಿನ ಕೆಲಸ ಮುಗಿದು ನಾವು ನೋಡಿದ ಮೇಲೆ ಮೂವತ್ತು. ಕಲ್ಲು ಜೋಡಿಸಿದ ಮೇಲೆ ಇಪ್ಪತ್ತೈದು. ನೆಟ್ಟ ಮೇಲೆ ಹದಿನೈದು. ಉಳಿದ ಹತ್ತು ಮಳೆಗಾಲ ಮುಗಿದ ಮೇಲೆ. ಕಾಲುವೆ, ಗರಸುಗಳನ್ನು ಮುಚ್ಚುವ ಮುನ್ನ ನಮಗೆ ತೋರಿಸಬೇಕು. ಮೂರು ತಿಂಗಳೊಳಗೆ ಸತ್ತ ಸಸಿಗೆ ಬದಲಿ. ಹೆಚ್ಚಿನ ಕೆಲಸ ಏನೇ ಬಂದರೂ ದರ ಬರೆದು ಸಹಿಯಾದ ಮೇಲೆಯೇ ಆರಂಭ. ತೆರಿಗೆಯ ಬಗ್ಗೆಯೂ ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಜಿ.ಎಸ್.ಟಿ.ಯ ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳು ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ.

ವೇಳೆಯ ವಿಷಯದಲ್ಲಿ ಒಂದೇ ಸೂಚನೆ: ಅಗೆತ ಮತ್ತು ಕಲ್ಲಿನ ಕೆಲಸ ಮೇ ತಿಂಗಳೊಳಗೆ ಮುಗಿಯಲಿ, ಗಿಡ ನೆಡುವುದು ಮುಂಗಾರು ಹಿಡಿದ ಮೇಲೆ ಆಗಲಿ. ಒದ್ದೆಯಾದ ಎರೆಯಲ್ಲಿ ದಿಮ್ಮಸು ಕೂಡುವುದಿಲ್ಲ, ಒಣ ಬಿಸಿಲಿನಲ್ಲಿ ಸಸಿ ಹಿಡಿಯುವುದಿಲ್ಲ.

ಹಿರಿಯರು ಅಕ್ಟೋಬರಿನಲ್ಲಿ ಕೊನೆಯ ಕಂತಿಗೆ ಬಂದಾಗ ನಕ್ಷೆ ಹಿಡಿದುಕೊಂಡು ಇಬ್ಬರೂ ಅಂಗಳ ಸುತ್ತಿದೆವು. ಗೇಟಿನ ಹತ್ತಿರ ನಾಲ್ಕು ಕಲ್ಲು ಅರ್ಧ ಅಂಗುಲ ಕುಸಿದಿದ್ದವು. ಕಿತ್ತು ಗರಸು ತುಂಬಿ ಸಮ ಮಾಡಿದರು. ಏಳು ಸಸಿಗಳು ಸತ್ತಿದ್ದವು. ಮರುದಿನ ಏಳನ್ನೂ ತಂದು ನೆಟ್ಟರು. ಹಣ ಎಣಿಸಿಕೊಂಡು ರಸೀತಿ ಬರೆದ ಮೇಲೆ, ಹೊಸ ಸಸಿಗಳಿಗೂ ಮೂರು ತಿಂಗಳ ಅವಧಿ ಅಂದಿನಿಂದಲೇ ಮೊದಲು ಎಂದು ಕರಾರಿನ ಕೆಳಗೆ ತಾವಾಗಿಯೇ ಒಂದು ಸಾಲು ಬರೆದು ಸಹಿ ಹಾಕಿದರು.